ನಲವತ್ತನೆಯ ಸ್ಲೈಡು

ಕಂತು ಏಳು

"ಮೂವತ್ತೊಂಬತ್ತು ಸ್ಲೈಡು, ಮೂವತ್ತೊಂಬತ್ತು ಸೊನ್ನೆ. ನೋಡಿ ಸರ್," ಎಂದು ನಾನು ರಿಜಿಸ್ಟರನ್ನು ಡಾಕ್ಟರ್ ರಘುಪತಿಯವರ ಕಡೆಗೆ ತಿರುಗಿಸಿ ಇಟ್ಟೆ.

ಅವರು ಕನ್ನಡಕ ಏರಿಸಿಕೊಂಡು ಸೊನ್ನೆಗಳ ಸಾಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮೂರು ದಿನಗಳಿಂದ ಬಾಡಿದ್ದ ಮುಖದಲ್ಲಿ ಕಳೆ ಬಂತು.

"ನಾನು ಹೇಳಿರಲಿಲ್ವಾ ನರ್ಮದಾ? ಔಷಧಿ ಬೆರೆಸಿದ ಉಪ್ಪು ಕೆಲಸ ಮಾಡಿದೆ. ಕಾಪುವಿನಲ್ಲಿ ಆನೆಕಾಲಿನ ಕಥೆ ಮುಗಿಯಿತು. ನಮಗೆ ಹಣ ಕೊಡುವ ದೆಹಲಿಯವರಿಗೆ ಇಷ್ಟು ಸಾಕು."

"ಈ ಸೊನ್ನೆಗಳನ್ನು ನಾನು ದೆಹಲಿಯವರಿಗಾಗಿ ತಂದದ್ದಲ್ಲ. ಹನ್ನೆರಡನೇ ತಾರೀಖಿನ ರಾತ್ರಿ ನೀವು ಕಾಪುವಿನಲ್ಲಿ ಇರಲೇ ಇಲ್ಲ ಎಂದು ಹೇಳ್ಲಿಕ್ಕೆ ತಂದದ್ದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಧ್ಯಾಹ್ನ ಮೂರು ಗಂಟೆ. ಮಣಿಪಾಲದ ಆ ಮಹಡಿಯ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಮೂರನೆಯ ಕುರ್ಚಿ ಖಾಲಿಯಾಗಿತ್ತು. ಅದರಲ್ಲಿ ಕುಳಿತುಕೊಳ್ಳುತ್ತಿದ್ದ ದಾಮೋದರರ ಹೆಣ ಉದ್ಯಾವರದ ಆವೆಮಣ್ಣಿನ ಹೊಂಡದಲ್ಲಿ ಸಿಕ್ಕಿದ್ದು ಶನಿವಾರ ಬೆಳಿಗ್ಗೆ. ತಲೆಯ ಹಿಂದೆ ಪೆಟ್ಟು ಬಿದ್ದಿತ್ತು. ನೀರು ಹೊಕ್ಕ ಕೈಗಡಿಯಾರ ಒಂಬತ್ತು ಇಪ್ಪತ್ತಕ್ಕೆ ನಿಂತಿತ್ತು.

ಹಿಂದಿನ ಕಂತುಗಳನ್ನು ಓದದವರಿಗೆ ಇಷ್ಟು ಹೇಳಿಬಿಡುತ್ತೇನೆ. ನಾನು ಪತ್ತೇದಾರಳಲ್ಲ. ಹದಿನಾಲ್ಕು ವರ್ಷಗಳಿಂದ ಮೈಕ್ರೋಸ್ಕೋಪಿನ ಮುಂದೆ ಕುಳಿತು ಊರವರ ರಕ್ತದಲ್ಲಿ ಹುಳ ಎಣಿಸುವವಳು. ದಾಮೋದರರು ಇತಿಹಾಸದವರು. ಹಂಚಿನ ಕಾರ್ಖಾನೆಗಳಿಗೆ ಯಂತ್ರ ಬಂದ ಮೇಲೆ ಎಲ್ಲೆಲ್ಲಿ ಮಣ್ಣು ಅಗೆದರು, ಅಗೆದ ಹೊಂಡದಲ್ಲಿ ಎಷ್ಟು ವರ್ಷದಿಂದ ನೀರು ನಿಂತಿದೆ, ಆ ನೀರಿನ ಸೊಳ್ಳೆ ಯಾರ ಯಾರ ಕಾಲು ಊದಿಸಿತು ಎಂದು ಮನೆ ಮನೆ ಅಲೆದು ನಕ್ಷೆ ಬರೆಯುತ್ತಿದ್ದರು. ಔಷಧಿಯ ಭಾಗ ರಘುಪತಿಯವರದು. ಮೂರು ವಿದ್ಯೆ ಸೇರಿದ ಸಂಶೋಧನೆ ಎಂದು ಉದ್ಘಾಟನೆಯ ದಿನ ಭಾಷಣ ಮಾಡಿದ್ದರು. ಮೂವರಲ್ಲಿ ಇಬ್ಬರಿಗೆ ಆರು ತಿಂಗಳಿಂದ ಮಾತಿರಲಿಲ್ಲ ಎಂಬುದು ನನಗೆ ಮಾತ್ರ ಗೊತ್ತು.

ಕೊಲೆಗಾರ ಎಂದು ಪೊಲೀಸರು ಹಿಡಿದಿದ್ದು ಹೊಂಡದಲ್ಲಿ ಮಣ್ಣು ಅಗೆಯುವ ಭೋಜನನ್ನು. ಮರುದಿನ ಬೆಳಿಗ್ಗೆ ಅವನನ್ನು ಮಂಗಳೂರಿನ ಜೈಲಿಗೆ ಸಾಗಿಸುವವರಿದ್ದರು. ಅವನು ಅಲ್ಲಿಗೆ ಹೋದರೆ ತಿರುಗಿ ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಅವನ ಹೆಸರು ಪೊಲೀಸರ ಬಾಯಿಗೆ ಹಾಕಿದವಳು ನಾನೇ.

ದಾಮೋದರರು ತೆಗೆದ ಅವನ ಊದಿದ ಕಾಲಿನ ಫೋಟೋವನ್ನು ರೋಗದ ಬಗ್ಗೆ ತಿಳಿಹೇಳುವ ನಮ್ಮ ಪುಸ್ತಿಕೆಗೆ ಅಂಟಿಸಿ, ಕೆಳಗೆ ಹೆಸರು ಮತ್ತು ಊರು ಬರೆದವಳೂ ನಾನೇ. ಪುಸ್ತಿಕೆ ಕಾರ್ಕಳದ ಶಾಲೆಗಳಿಗೆಲ್ಲ ಹೋಯಿತು. ಅಲ್ಲಿಯ ಒಬ್ಬ ಮೇಷ್ಟ್ರು ತನ್ನ ತಂಗಿಯ ಮಗನಿಗೆ ನೋಡಿದ ಹುಡುಗಿಯ ಅಪ್ಪನ ಕಾಲನ್ನು ಅದರಲ್ಲಿ ಕಂಡರು. ಭೋಜನ ಮಗಳು ನಳಿನಾಕ್ಷಿಯ ಸಂಬಂಧ ಮುರಿಯಿತು. "ಫೋಟೋ ತೆಗೆದವನನ್ನು ಇದೇ ಹೊಂಡದಲ್ಲಿ ಹೂಳ್ತೇನೆ," ಎಂದು ಭೋಜ ನನ್ನೆದುರೇ ಕೂಗಾಡಿದ್ದ. ಸಬ್ ಇನ್ಸ್‌ಪೆಕ್ಟರ್ ಉಮಾನಾಥ ಕಾಫಿ ತರಿಸಿ ಕುಡಿಸಿ ಮೆತ್ತಗೆ ಕೇಳಿದಾಗ ನಾನು ಅದನ್ನು ಒಂದಕ್ಷರ ಬಿಡದೆ ಒದರಿಬಿಟ್ಟಿದ್ದೆ. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ದಾಮೋದರರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಅವರ ಬಟ್ಟೆಯಿಂದ ಮಣ್ಣು ನೀರು ತೊಟ್ಟಿಕ್ಕುತ್ತಿತ್ತು.

"ಎಂತ ಹೇಳ್ತಾ ಇದ್ದೀರಿ ನೀವು?" ರಘುಪತಿಯವರ ಧ್ವನಿ ಏರಿತು. "ರಾತ್ರಿ ಒಂಬತ್ತರಿಂದ ಹನ್ನೆರಡರ ತನಕ ನಾನು ಕಾಪುವಿನಲ್ಲಿ ಮನೆ ಮನೆ ಹತ್ತಿ ರಕ್ತ ತೆಗೆದಿದ್ದೇನೆ. ರಿಜಿಸ್ಟರಿನಲ್ಲಿ ಸಮಯ ಉಂಟು."

"ಬರೆಯುವ ಕೈ ನಿಮ್ಮದು. ರಕ್ತ ಬೇರೆ ಸಮಯ ಹೇಳ್ತದೆ ಸರ್. ಹನ್ನೊಂದನೇ ನಂಬರು ಪಾಸ್ಕಲ್. ಎರಡು ವರ್ಷದಲ್ಲಿ ಅವನ ರಕ್ತ ಏಳು ಸಲ ನೋಡಿದ್ದೇನೆ. ಒಂದು ಸಲವೂ ನಲವತ್ತು ಹುಳಕ್ಕೆ ಕಡಿಮೆ ಇರಲಿಲ್ಲ."

"ಉಪ್ಪು..."

"ನಿಮ್ಮ ಉಪ್ಪಿನ ಪೊಟ್ಟಣ ಅವನ ಮನೆಯ ಅಟ್ಟದಲ್ಲಿ ಹಾಗೇ ಕಟ್ಟಿಟ್ಟದ್ದು ಉಂಟು. ನಿನ್ನೆ ಹೋಗಿ ನೋಡಿ ಬಂದೆ. ಮೀನಿಗೆ ಹಾಕುವ ಉಪ್ಪನ್ನೇ ಗಂಜಿಗೂ ಹಾಕ್ತಾನೆ. ಡಾಕ್ಟ್ರು ಯಾವಾಗ ಬಂದದ್ದು ಮಾರಾಯ ಅಂತ ಕೇಳಿದೆ. ಗಂಜಿ ಉಂಡು ಮಲಗಿದ್ದೆ, ಬಿಸಿಲು ಅಂಗಳದಲ್ಲೇ ಇತ್ತು, ಎಬ್ಬಿಸಿ ಬೆರಳಿಗೆ ಚುಚ್ಚಿದ್ರು ಅಂದ."

ಈ ರೋಗದ ಮರಿಹುಳಗಳು ಹಗಲಿಡೀ ಶ್ವಾಸಕೋಶದಲ್ಲಿ ಅವಿತುಕೊಂಡಿರುತ್ತವೆ. ಊರು ಮಲಗುವ ಹೊತ್ತಿಗೆ ಮೇಲೆದ್ದು ಬೆರಳ ತುದಿಯ ರಕ್ತಕ್ಕೆ ಬರುತ್ತವೆ. ಅದಕ್ಕೇ ನಮ್ಮವರು ರಾತ್ರಿ ಪೆಟ್ರೋಮ್ಯಾಕ್ಸ್ ಹಿಡಿದು ಮನೆ ಮನೆಗೆ ಹೋಗಿ, ಮಲಗಿದವರನ್ನು ಎಬ್ಬಿಸಿ, ಬೈಗುಳ ತಿಂದು ರಕ್ತ ತೆಗೆಯುವುದು. ಹಗಲಲ್ಲಿ ತೆಗೆದರೆ ಎಂಥ ರೋಗಿಯ ರಕ್ತವೂ ಶುದ್ಧವಾಗಿ ಕಾಣುತ್ತದೆ. ಇದು ರಘುಪತಿಯವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ನನಗೆ ಕಲಿಸಿದವರೇ ಅವರು.

"ರೋಗ ಹೋಗಿದೆ ಅಂತ ತೋರಿಸ್ಲಿಕ್ಕೆ ಬೇಕೆಂದೇ ಹಗಲು ತೆಗೆದ್ರಿ," ಎಂದೆ. "ದಾಮೋದರರ ನಕ್ಷೆಯಲ್ಲಿ ಹೊಸ ರೋಗಿಗಳ ಹೆಸರಿತ್ತು. ಅದು ಹೊರಗೆ ಬಂದರೆ ನಿಮ್ಮ ಉಪ್ಪು ಸುಳ್ಳಾಗುತ್ತಿತ್ತು. ಈಗ ಅವರೂ ಇಲ್ಲ, ನಕ್ಷೆಯೂ ಇಲ್ಲ. ರಾತ್ರಿ ಒಂಬತ್ತಕ್ಕೆ ನೀವೆಲ್ಲಿದ್ರಿ ಸರ್?"

ಕಲಿಸಿದವರ ಎದುರು ಹೀಗೆ ನಿಂತು ಮಾತಾಡುವುದು ಸುಲಭವಲ್ಲ. ಆದರೆ ಸಿಟ್ಟೂ ಬಂದಿತ್ತು. ನನ್ನಿಂದಲೇ ಸೊನ್ನೆ ಬರೆಸಿಕೊಂಡು ಅದನ್ನೇ ದೆಹಲಿಗೆ ಒಯ್ಯುವ ಧೈರ್ಯ ಈ ಮನುಷ್ಯನಿಗೆ ಹೇಗೆ ಬಂತು ಎಂದು ಮೈ ಉರಿಯುತ್ತಿತ್ತು.

ರಘುಪತಿಯವರು ಮೇಜಿನ ಡ್ರಾಯರು ಎಳೆದು, ನೂಲಿನಲ್ಲಿ ಹೊಲಿದ ಒಂದು ದಪ್ಪ ಕಟ್ಟನ್ನು ತೆಗೆದು ನನ್ನ ಮುಂದಿಟ್ಟರು. ದೆಹಲಿಯ ವರದಿ. ನೂರ ಹತ್ತು ಪುಟ. ಟೈಪು ಮಾಡಿದ ಶಾಯಿ ಇನ್ನೂ ಹೊಸದು.

"ಕಾರ್ಕಳದಲ್ಲಿದ್ದೆ," ಎಂದರು. "ಅಲ್ಲಿಯ ಟೈಪಿಸ್ಟ್ ಹಯಗ್ರೀವ ಭಟ್ರ ಮನೆಯಲ್ಲಿ. ಸಂಜೆ ಆರಕ್ಕೆ ಕೂತವರು ರಾತ್ರಿ ಎರಡಕ್ಕೆ ಎದ್ದದ್ದು. ಅವರ ಹೆಂಡತಿ, ಅತ್ತೆ, ಪಕ್ಕದ ಮನೆಯವರು ಎಲ್ಲ ನೋಡಿದ್ದಾರೆ. ಟೈಪಿನ ಸದ್ದಿಗೆ ನಿದ್ದೆ ಬರುವುದಿಲ್ಲ ಅಂತ ಪಕ್ಕದವರು ಬಂದು ಜಗಳ ಮಾಡಿ ಹೋದರು. ಬೇಕಾದರೆ ಈಗಲೇ ಫೋನು ಮಾಡಿ ಕೇಳಿ."

"ಮಣಿಪಾಲದಲ್ಲಿ ಟೈಪಿಸ್ಟ್ ಇಲ್ವಾ?"

"ಇದ್ದಾರೆ. ಟೈಪು ಮಾಡುವಾಗ ಓದುತ್ತಾರೆ." ಅವರು ಮುಖ ಕೆಳಗೆ ಹಾಕಿದರು. "ಸ್ಲೈಡು ನೀವು ನೋಡುವ ಮೊದಲೇ ವರದಿಯಲ್ಲಿ ಸೊನ್ನೆ ಬರೆದು ಆಗಿತ್ತು. ಆರು ವರ್ಷದ ಕೆಲಸ ನರ್ಮದಾ. ಸೋತೆ ಅಂತ ಬರೀಲಿಕ್ಕೆ ನನ್ನ ಕೈ ಬರಲಿಲ್ಲ. ನಾನು ಸುಳ್ಳ, ಒಪ್ಪಿಕೊಳ್ತೇನೆ. ದಾಮೋದರನ ಮೈ ಮುಟ್ಟಿದವನಲ್ಲ."

ನನಗೆ ಅವರ ಮಾತು ನಿಜ ಅನ್ನಿಸಿತು. ಇಷ್ಟು ನಾಚಿಕೆ ಪಟ್ಟುಕೊಂಡು ಯಾರೂ ಸುಳ್ಳು ಹೇಳುವುದಿಲ್ಲ. ನನ್ನ ಕೈಯಲ್ಲಿದ್ದ ಒಂದೇ ಒಂದು ಎಳೆ ಅಲ್ಲಿಗೆ ಕಡಿದುಹೋಯಿತು. ಭೋಜನ ಹೆಂಡತಿ ಗುಣವತಿ ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಕೂತು, "ನೀವು ಮಾತಾಡಿದ್ದಕ್ಕೇ ಅಲ್ವಾ ಅಮ್ಮ ಅವರು ಹೋದದ್ದು, ನೀವೇ ತಂದು ಕೊಡಿ," ಎಂದು ಹೇಳಿ ಹೋಗಿದ್ದಳು. ಅವಳಿಗೆ ಎಂತ ಹೇಳುವುದು? ನನಗೆ ಅಳು ಬಂತು. ಸ್ಲೈಡಿನ ಪೆಟ್ಟಿಗೆ ಮುಚ್ಚಲು ಮುಚ್ಚಳ ಎತ್ತಿದೆ.

"ನಿಲ್ಲಿ," ಎಂದರು ರಘುಪತಿಯವರು. "ಅದೆಂತ ಕೊನೆಯಲ್ಲಿ?"

ಪೆಟ್ಟಿಗೆಯಲ್ಲಿ ಸ್ಲೈಡು ನಿಲ್ಲಿಸುವ ನಲವತ್ತು ಗೀರು. ರಿಜಿಸ್ಟರಿನಲ್ಲಿ ಮೂವತ್ತೊಂಬತ್ತೇ ಹೆಸರು. ಅಷ್ಟು ನೋಡಿ ಮುಗಿಸಿದ್ದ ನಾನು ಕೊನೆಯ ಗೀರಿನ ಕಡೆ ಗಮನ ಕೊಟ್ಟಿರಲಿಲ್ಲ. ಅಲ್ಲಿಯೂ ಒಂದು ಸ್ಲೈಡು ಕುಳಿತಿತ್ತು.

"ನಾನು ತೆಗೆದದ್ದು ಮೂವತ್ತೊಂಬತ್ತು," ಎಂದರು ಅವರು. "ನಲವತ್ತನೆಯ ಹುಡುಗಿ ಸೂಜಿ ಕಂಡು ಓಡಿಹೋದಳು. ಆ ಗೀರು ಖಾಲಿ ಇರಬೇಕಿತ್ತು."

ನಾನು ಅದನ್ನು ಎತ್ತಿ ಬೆಳಕಿಗೆ ಹಿಡಿದೆ. ಉಳಿದವುಗಳ ಹಾಗೆಯೇ ಬಣ್ಣ ಹಾಕಿ ತೊಳೆದದ್ದು. ಅಂಚಿನಲ್ಲಿ ವಜ್ರದ ಮೊನೆಯ ಪೆನ್ಸಿಲಿನಿಂದ ಗೀಚಿದ್ದರು: ಡಿ–13. ಅದರ ಕೆಳಗೆ 13–10–79.

ಡಿ ಎಂದರೆ ದಾಮೋದರ.

ಉದ್ಯಾವರದ ಹೊಂಡಗಳ ಮಧ್ಯೆಯೇ ಹುಟ್ಟಿ ಬೆಳೆದ ಅವರ ರಕ್ತದಲ್ಲೂ ಹುಳ ಇತ್ತು. ಕಾಲು ಮಾತ್ರ ಊದಿರಲಿಲ್ಲ. ಹೋದ ವರ್ಷ ಹುಳಗಳ ವೇಳಾಪಟ್ಟಿ ತಯಾರಿಸಲು ಒಬ್ಬ ಮನುಷ್ಯ ಬೇಕಾದಾಗ ಅವರೇ ಬೆರಳು ಒಡ್ಡಿದ್ದರು. ಎರಡೆರಡು ಗಂಟೆಗೊಮ್ಮೆ ಚುಚ್ಚಿ, ಒಂದು ಹಗಲು ಒಂದು ರಾತ್ರಿಯಲ್ಲಿ ಹನ್ನೆರಡು ಸ್ಲೈಡು ಮಾಡಿದ್ದೆವು. ಪ್ರತಿ ಸಲವೂ ನನ್ನ ಹೆಗಲ ಹಿಂದೆ ಬಂದು ನಿಂತು, "ಒಕ್ಕಲುಗಳು ಎಷ್ಟು ಜನ ಬಂದಿದ್ದಾರೆ ನರ್ಮದಾ? ಭೂಸುಧಾರಣೆಯಲ್ಲಿ ಜಮೀನೆಲ್ಲ ಹೋಯಿತು. ಈಗ ನನಗೆ ಉಳಿದ ಒಕ್ಕಲುಗಳೆಂದರೆ ಇವೇ," ಎಂದು ನಗುತ್ತಿದ್ದರು. ಡಿ–12ಕ್ಕೆ ಆ ಕೆಲಸ ಮುಗಿದಿತ್ತು.

ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆ. ತಿರುಗಣಿ ತಿರುಗಿಸುತ್ತಿದ್ದ ಹಾಗೆ ಮಬ್ಬು ಸರಿದು ನೀಲಿ ಹುಳಗಳು ಎದ್ದು ಬಂದವು. ಇಡೀ ದಿನ ಬರೀ ಖಾಲಿ ರಕ್ತ ನೋಡಿದ ಕಣ್ಣಿಗೆ ಅಷ್ಟೊಂದು ಒಮ್ಮೆಲೇ ಕಂಡವು. ಹೆಗಲ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ರಘುಪತಿಯವರು ಮೇಜಿನ ಆ ಕಡೆಯೇ ಇದ್ದರು.

ಎಣಿಸಿದೆ. ನಂಬಿಕೆ ಬಾರದೆ ಮತ್ತೊಮ್ಮೆ ಎಣಿಸಿದೆ.

"ಐವತ್ತೇಳು."

ಅವರು ಕಪಾಟಿನಿಂದ ಹೋದ ವರ್ಷದ ವೇಳಾಪಟ್ಟಿ ತಂದು ಹರಡಿದರು. ಬೆರಳಿಟ್ಟು ಓದಿದರು. ಸಂಜೆ ಆರಕ್ಕೆ ಎರಡು. ರಾತ್ರಿ ಎಂಟಕ್ಕೆ ಒಂಬತ್ತು. ಹತ್ತಕ್ಕೆ ಮೂವತ್ತೊಂದು. ಹನ್ನೆರಡಕ್ಕೆ ಐವತ್ತೆಂಟು. ಎರಡಕ್ಕೆ ಐವತ್ತೈದು.

"ಗೀಚಿದ ತಾರೀಖು ಸುಳ್ಳಲ್ಲ," ಎಂದರು. "ಹನ್ನೆರಡು ದಾಟಿದ ಮೇಲೆ ತೆಗೆದ ರಕ್ತ ಇದು. ಒಂಬತ್ತು ಇಪ್ಪತ್ತಕ್ಕಾದರೆ ಇದರ ಅರ್ಧವೂ ಇರ್ತಿರಲಿಲ್ಲ. ಕೈಗಡಿಯಾರದ ಮುಳ್ಳನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ."

"ಸತ್ತ ಮೇಲೆ ತೆಗೆದದ್ದಾದರೆ?"

"ಸತ್ತವನ ಬೆರಳು ಚುಚ್ಚಿದರೆ ರಕ್ತ ಹೀಗೆ ಹರಿಯುವುದಿಲ್ಲ ಮಾರಾಯ್ತಿ. ಗೆರೆ ನೋಡಿ, ಒಂದೇ ಸಮ ಉಂಟು. ಆಗ ದಾಮೋದರ ಜೀವಂತ ಇದ್ದ." ಅವರ ಸ್ವರ ಇಳಿಯಿತು. "ಆರು ತಿಂಗಳಿಂದ ನನ್ನ ಉಪ್ಪನ್ನೇ ಉಣ್ಣುತ್ತಿದ್ದ. ಅದು ಕೆಲಸ ಮಾಡಿದೆಯಾ ಅಂತ ನೋಡ್ಲಿಕ್ಕೇ ತೆಗೆಸಿಕೊಂಡದ್ದಿರಬೇಕು."

ನನಗೆ ಅವರ ಉಪ್ಪಿನ ಚಿಂತೆ ಇರಲಿಲ್ಲ. ಭೋಜ ಶುಕ್ರವಾರ ರಾತ್ರಿ ಗಡಂಗಿನಲ್ಲಿ ಕುಡಿದು ಹೊಡೆದಾಡಿ, ಹತ್ತೂವರೆಗೇ ಸ್ಟೇಷನ್ನಿನ ಲಾಕಪ್ಪಿಗೆ ಬಿದ್ದಿದ್ದ. ಕೊಲೆ ಮಾಡಿ ಬಂದೇ ಕುಡಿದದ್ದು ಎಂದು ಪೊಲೀಸರು ಹೇಳುತ್ತಿದ್ದರು. ಹನ್ನೆರಡು ದಾಟಿ ದಾಮೋದರರು ಬದುಕಿದ್ದರೆ ಭೋಜ ನಿರಪರಾಧಿ. ಅದಕ್ಕೆ ಪೊಲೀಸರ ಡೈರಿಯೇ ಸಾಕ್ಷಿ. ಖುಷಿಯಿಂದ ನನ್ನ ಕಣ್ಣು ತುಂಬಿತು. ಫೋನಿನ ಕಡೆ ಕೈ ಚಾಚಿದೆ.

"ಸ್ವಲ್ಪ ನಿಲ್ಲಿ. ಇದನ್ನು ತೆಗೆದದ್ದು ಯಾರು ಅಂತ ಅವರು ಕೇಳುವುದಿಲ್ವಾ?" ರಘುಪತಿಯವರು ಸ್ಲೈಡನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. "ಈ ಕೈ ನಿಮ್ಮದು ನರ್ಮದಾ."

ಅವರು ಹೇಳಿದ್ದು ಸರಿಯಾಗಿತ್ತು. ನಾವು ರಕ್ತವನ್ನು ಗಾಜಿನ ಮೇಲೆ ಮೂರು ಗೆರೆಯಾಗಿ ಎಳೆಯುತ್ತೇವೆ. ಎಲ್ಲರೂ ಮೂರನ್ನೂ ಒಂದೇ ದಿಕ್ಕಿನಿಂದ ಎಳೆಯುತ್ತಾರೆ. ನಾನು ಬಳೆ ತಾಗಿ ಹಸಿ ಗೆರೆ ಅಳಿಸದಿರಲಿ ಎಂದು ಗಾಜು ತಿರುಗಿಸಿ, ಮೂರನೆಯದನ್ನು ಮಾತ್ರ ಆ ತುದಿಯಿಂದ ಎಳೆಯುತ್ತೇನೆ. ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ತೆಳು. ಈ ಸ್ಲೈಡಿನಲ್ಲಿ ಮೂರನೆಯ ಗೆರೆ ತಿರುವುಮುರುವಾಗಿತ್ತು.

ಆ ರಾತ್ರಿ ನಾನು ಉಡುಪಿಯ ಮನೆಯಲ್ಲಿ ಮಲಗಿದ್ದೆ. ನನ್ನ ಹಾಗೆ ಗಾಜು ತಿರುಗಿಸುವವಳು ಇನ್ನೊಬ್ಬಳೇ ಇದ್ದಾಳೆ. ಕೈಗೆ ಬಳೆ ಹಾಕುವುದಿಲ್ಲ. ಆದರೂ ಅಕ್ಕ ಹೀಗೆಯೇ ಕಲಿಸಿದ್ದು ಎಂದು ಹಾಗೆಯೇ ಎಳೆಯುತ್ತಾಳೆ. ನಮ್ಮ ನರ್ಸ್ ಲೊರ್ನಾ. ನಿನ್ನೆ ಈ ಪೆಟ್ಟಿಗೆಯ ಸ್ಲೈಡುಗಳಿಗೆ ಬಣ್ಣ ಹಾಕಿ ನನ್ನ ಮೇಜಿಗೆ ತಂದಿಟ್ಟವಳೂ ಅವಳೇ.

ರಾತ್ರಿ ಒಂಬತ್ತಕ್ಕೆ ಭೋಜ ದಾಮೋದರರ ಜೊತೆ ಹೊಂಡದ ಹತ್ತಿರ ಇದ್ದದ್ದನ್ನು ಕಂಡೆ ಎಂದು ಪೊಲೀಸರಿಗೆ ಹೇಳಿಕೆ ಕೊಟ್ಟವಳೂ ಅವಳೇ.

ಇಪ್ಪತ್ಮೂರು ವರ್ಷದ ಹುಡುಗಿ. ತಾಯಿ ಇಲ್ಲ. ಕ್ರಿಸ್‌ಮಸ್ಸಿಗೆ ನನಗೆ ಕುಸ್ವಾರಿನ ತಿಂಡಿ ತಂದುಕೊಡದೆ ತಾನು ತಿನ್ನುವವಳಲ್ಲ. ಅವಳ ಹೆಸರು ಹೇಳದೆ ಭೋಜನನ್ನು ಬಿಡಿಸುವ ದಾರಿ ಇದೆಯಾ ಎಂದು ಯೋಚಿಸಿದೆ. ಸ್ಲೈಡು ಸಿಕ್ಕಿತು ಎಂದಷ್ಟೇ ಹೇಳಿದರೆ ಯಾರು ನಂಬುತ್ತಾರೆ? ಭೋಜನಿಗೆ ನಾನು ಮಾಡಿದ ಅನ್ಯಾಯಕ್ಕೆ ಇವಳನ್ನು ಕೊಡಬೇಕೇ ಎಂದು ಸಂಕಟವಾಯಿತು. ಮೆಟ್ಟಿಲ ಮೇಲೆ ಕೂತ ಗುಣವತಿ ಕಣ್ಣ ಮುಂದೆ ಬಂದಳು. ಎಕ್ಸ್‌ಚೇಂಜಿಗೆ ಹೇಳಿ ಸ್ಟೇಷನ್ ಕೇಳಿದೆ.

ಸಬ್ ಇನ್ಸ್‌ಪೆಕ್ಟರ್ ಉಮಾನಾಥ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಹುಳ, ವೇಳಾಪಟ್ಟಿ, ಐವತ್ತೇಳು. ನಡುವೆ ಬಾಯಿ ಹಾಕಲಿಲ್ಲ.

"ನಿಮ್ಮ ತಲೆ ದೊಡ್ಡದು ಅಮ್ಮ," ಎಂದರು ಕೊನೆಗೆ. "ಆ ಗಾಜು ಈಗ ಎಲ್ಲುಂಟು?"

"ನನ್ನ ಕೈಯಲ್ಲೇ ಉಂಟು."

"ರಕ್ತ ತೆಗೆದದ್ದು ಯಾರು ಅಂತ ಗೊತ್ತುಂಟಾ?"

"ಲೊರ್ನಾ," ಎಂದೆ. "ಅವಳದ್ದೇ ಕೈ. ನಾನೇ ಕಲಿಸಿದ್ದು."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ಅವಳೀಗ ಎಲ್ಲಿದ್ದಾಳೆ?"

"ಉದ್ಯಾವರಕ್ಕೆ ಹೋಗಿದ್ದಾಳೆ. ನಾಲ್ಕು ಗಂಟೆಗೆ ಇಲ್ಲಿಗೇ ಬರ್ತಾಳೆ."

"ಅವಳಿಗೆ ಎಂತದೂ ಹೇಳ್ಲಿಕ್ಕೆ ಹೋಗಬೇಡಿ. ಮಾತಾಡ್ತಾ ಕೂರಿಸಿಕೊಳ್ಳಿ. ಬೇರೆ ಯಾರಿಗೂ ಫೋನು ಮಾಡುವುದು ಬೇಡ. ನಾನೇ ಬರ್ತೇನೆ."

ಲೊರ್ನಾ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಳು. ನನ್ನ ಮುಖ ನೋಡಿದವಳೇ ಮೇಜಿನ ಮೇಲಿದ್ದ ವೇಳಾಪಟ್ಟಿಯನ್ನೂ ನೋಡಿದಳು. ಅವಳ ಕೈಯಿಂದ ಚೀಲ ಜಾರಿತು. ನಾನು ಅವಳ ತೋಳು ಹಿಡಿದು ಒಳಗೆ, ಗಾಜು ತೊಳೆಯುವ ಕೋಣೆಗೆ ಕರೆದುಕೊಂಡು ಹೋದೆ. ರಘುಪತಿಯವರು ಹೊರಗೇ ಉಳಿದರು. ಮಾತಾಡ್ತಾ ಕೂರಿಸಿಕೊಳ್ಳಿ ಎಂದಿದ್ದರು ಉಮಾನಾಥ. ನನಗೆ ಅಂಥ ನಾಟಕ ಬರುವುದಿಲ್ಲ.

"ಯಾಕೆ ಮಾಡಿದಿ?" ಎಂದು ಕೇಳಿಬಿಟ್ಟೆ.

ಅವಳು ಅಳಲು ಶುರು ಮಾಡಿದಳು. ಅದು ಭಯದ ಅಳುವಿನಂತೆ ಕಾಣಲಿಲ್ಲ. ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸಿದವಳ ಹಾಗೆ ಅತ್ತಳು.

"ನೀವು ನೋಡಿದ್ರೆ ಗೊತ್ತು ಮಾಡ್ತೀರಿ ಅಂತ ಅದಕ್ಕೇ ಇಟ್ಟದ್ದು ನರ್ಮದಕ್ಕ. ಬಾಯಿ ಬಿಟ್ಟು ಹೇಳ್ಲಿಕ್ಕೆ ನನಗೆ ಧೈರ್ಯ ಇರಲಿಲ್ಲ. ಸರ್ ಹೊಂಡದ ದಡದಲ್ಲೇ ಕೂತು ಬೆರಳು ಕೊಟ್ಟರು. ಹನ್ನೆರಡು ಹೊಡೆದ ಮೇಲೆ ತೆಗಿ, ಆಗ ಒಕ್ಕಲುಗಳೆಲ್ಲ ಮೇಲೆ ಬರ್ತಾರೆ ಅಂತ ನಗಾಡಿದ್ರು. ರಕ್ತ ತೆಗೆದು ನಾನು ಮನೆಗೆ ಹೋದೆ. ಹೋಗುವಾಗ ಸರ್ ಚೆನ್ನಾಗಿಯೇ ಇದ್ದರು ಅಕ್ಕ. ಏಸುವಿನಾಣೆ."

"ಮತ್ತೆ ಭೋಜನನ್ನು ಕಂಡೆ ಅಂತ ಯಾಕೆ ಹೇಳಿದಿ?"

"ನಾನು ಹೇಳಿದ್ದಲ್ಲ. ಸ್ಟೇಷನ್ನಿನವರೇ ಬರೆದು ತಂದಿದ್ದರು. ಸೈನು ಹಾಕು, ಇಲ್ಲದಿದ್ರೆ ಕಟ್ಟಕಡೆಗೆ ಸರ್ ಜೊತೆ ಇದ್ದವಳು ನೀನೇ ಅಂತ ಆಗ್ತದೆ ಅಂದರು."

ನನಗೆ ಸಮಾಧಾನವಾಯಿತು. ಹುಡುಗಿ ತಪ್ಪು ಮಾಡಿರಲಿಲ್ಲ, ಹೆದರಿದ್ದಳು ಅಷ್ಟೇ. ಅವಳ ಕಣ್ಣೊರೆಸಿದೆ. "ಹೆದರಬೇಡ. ಇದನ್ನೇ ಇನ್ಸ್‌ಪೆಕ್ಟರ ಎದುರು ಹೇಳು. ನಾನು ನಿನ್ನ ಪಕ್ಕದಲ್ಲೇ ಇರ್ತೇನೆ. ಉಮಾನಾಥರು ಈಗ ಇಲ್ಲಿಗೇ ಬರ್ತಾ ಇದ್ದಾರೆ."

ಅವಳ ಅಳು ನಿಂತಿತು. ನನ್ನ ಮಣಿಕಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಒಂದು ಬಳೆ ಮುರಿಯಿತು.

"ನನ್ನ ಹೆಸರು ಹೇಳಿದ್ರಾ ಅಕ್ಕ?"

"ಹೇಳಿದೆ."

"ಸ್ಲೈಡು ಇಲ್ಲಿದೆ ಅಂತ?"

"ಅದನ್ನೂ."

ಅವಳು ಗೋಡೆಗೆ ಒರಗಿದಳು. ಅವಳ ಧ್ವನಿ ನನಗೆ ಮಾತ್ರ ಕೇಳುವಷ್ಟಿತ್ತು.

"ಆ ಕತ್ತಲೆಯಲ್ಲಿ ರಕ್ತ ತೆಗೀಲಿಕ್ಕೆ ನನಗೆ ಟಾರ್ಚ್ ಹಿಡಿದವರು ಆ ಉಮಾನಾಥರೇ ಅಕ್ಕ. ನಾನು ಹೊರಟಾಗ ಸರ್ ಜೊತೆ ಅಲ್ಲಿ ಉಳಿದವರು ಅವರೊಬ್ಬರೇ."

ಕೆಳಗೆ ರಸ್ತೆಯಲ್ಲಿ ಜೀಪು ಬಂದು ನಿಂತ ಸದ್ದಾಯಿತು. ಹೊರಗಿನ ಕೋಣೆಯಲ್ಲಿ ರಘುಪತಿಯವರು ಕುರ್ಚಿ ಸರಿಸಿ ಎದ್ದು ಕಿಟಕಿಗೆ ಹೋದರು.

"ಮೇಲೆ ಬನ್ನಿ ಇನ್ಸ್‌ಪೆಕ್ಟ್ರೇ," ಎಂದು ಅವರು ಕೂಗಿ ಕರೆದರು. "ಇಬ್ಬರೂ ಇಲ್ಲೇ ಇದ್ದಾರೆ."